ಗಾಲಿ ಬುಡದ ದೇವರು

ಎಲ್ಲಿ ಯಾವ ಲಾರಿ ಹಾರ್ನ್ ಹೊಡೆದರೂ ಸಾವಂತ್ರೆವ್ವನ ಕೈ ಹಿಟ್ಟಿನ ಪರಾತದಿಂದ ತಾನೇ ಮೇಲೇಳುತ್ತಿತ್ತು. ಎದ್ದ ಮೇಲೆ ನೆನಪಾಗುತ್ತಿತ್ತು, ತಮ್ಮ ಲಾರಿ ಬೇವಿನ ಗಿಡದ ಕೆಳಗೆ ಇಟ್ಟಿಗೆಗಳ ಮೇಲೆ ಕೂತು ಐದು ವರ್ಷವಾಯಿತು, ಅದರ ಕ್ಯಾಬಿನ್ನಿನಲ್ಲಿ ಕೋಳಿಗಳು ಕಾವು ಕೂತಿವೆ ಎಂದು. ಆಗ ತನ್ನನ್ನು ತಾನೇ ಬೈದುಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಸೊಸೆಯಾಗಿ ಬಂದ ಮೊದಲ ವಾರವೇ ಹತ್ತಿದ ಚಾಳಿ ಅದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅತ್ತೆಮನೆಯಲ್ಲಿ ಹತ್ತಿದ ಚಾಳಿ ಅದಕ್ಕಿಂತ ಗಟ್ಟಿ.

ಸಂಶಿಯಲ್ಲಿ ಲಾರಿ ಮೈಲಾರಪ್ಪನ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಸಾವಂತ್ರೆವ್ವ ಆ ಮನೆಯ ಸೊಸೆ, ಮೈಲಾರಪ್ಪನ ಒಬ್ಬನೇ ಮಗ ಮಲಕಪ್ಪನ ಹೆಂಡತಿ, ಪುಟ್ಟ ಲಕ್ಷ್ಮವ್ವನ ತಾಯಿ. ಮನೆ ಇದ್ದದ್ದು ಹೊಂಡದ ಓಣಿಯ ಮೇಲ್ತುದಿಯಲ್ಲಿ. ಓಣಿ ಅಲ್ಲಿಂದ ಇಳಿಜಾರಾಗಿ ಕೆಳಗೆ ಹೋಗಿ, ಊರ ಹೆಂಗಸರು ನೀರು ತುಂಬುವ ಹೊಂಡದ ಪಾವಟಿಗೆಗಳ ಮುಂದೆ ಮುಗಿಯುತ್ತಿತ್ತು. ಲಾರಿ ಹೊಂಡದ ದಂಡೆಗುಂಟ ಬಂದು, ಗುರುಗುಟ್ಟುತ್ತ ಓಣಿ ಏರಿ, ಮೂತಿ ಮೇಲೆ ಮಾಡಿ ಮನೆ ಮುಂದೆ ನಿಲ್ಲಬೇಕು. ನಿಂತದ್ದು ನಿಂತಲ್ಲೇ ಇರಬೇಕೆಂದರೆ ಅದನ್ನು ಏನಾದರೂ ಹಿಡಿಯಬೇಕು.

ಹಿಡಿಯಬೇಕಾದ ಹ್ಯಾಂಡಬ್ರೇಕನ್ನು ಮೈಲಾರಪ್ಪ ಲಾರಿ ಕೊಂಡ ವರ್ಷವೇ ಬಿಚ್ಚಿಸಿ ಎಸೆದಿದ್ದ. ಅದರ ಹಿಡಿಕೆ ಡ್ರೈವರನ ಬಾಜು ಮೊಣಕಾಲೆತ್ತರಕ್ಕೆ ನಿಂತು ಒಬ್ಬ ಪ್ಯಾಸೆಂಜರನ ಜಾಗ ತಿನ್ನುತ್ತದೆ ಎಂಬುದು ಒಂದು ಕಾರಣ. ಸಂತೆಗೆ ಹೋಗುವವರನ್ನು ಕ್ಯಾಬಿನ್ನಿನಲ್ಲಿ ತುರುಕಿಕೊಂಡರೆ ಮನೆಯ ಉಪ್ಪು ಎಣ್ಣೆ ಅದರಲ್ಲೇ ಹುಟ್ಟುತ್ತಿತ್ತು. ಇನ್ನೊಂದು ಕಾರಣ ಮೀಸೆಯದು. ಕಾಲಾಗ ಬ್ರೇಕ್ ಇದ್ದಾಂವ ಡ್ರೈವರ, ಕೈಯಾಗ ಬ್ರೇಕ್ ಹಿಡಿಯಾಂವ ಅಂಜಬುರುಕ ಎಂದು ಅವನು ಚಹಾದಂಗಡಿಯಲ್ಲಿ ಕೂತು ಸಾರಿದ್ದ. ಗೇರಿಗೆ ಹಾಕಿ ನಿಲ್ಲಿಸಿದರೆ ಆ ಮುದಿ ಫಾರ್ಗೋ ಲಾರಿಯ ಗೇರು ತುಸು ಹೊತ್ತಿಗೆ ಕಟಕ್ಕನೆ ಜಿಗಿದು ಹೊರಗೆ ಬರುತ್ತಿತ್ತು. ಹಾಗಾಗಿ ಕಲ್ಲು.

ಎರಡೂ ಕೈಯಿಂದ ತಬ್ಬಿ ಎತ್ತಬೇಕಾದಂಥ ಕರಿಕಲ್ಲು. ಒಂದು ಮಗ್ಗಲು ಗಾಲಿಗೆ ಹೊಂದುವಂತೆ ಓರೆಯಾಗಿತ್ತು. ಹಾರ್ನ್ ಕೇಳಿದ ಕೂಡಲೇ ಮನೆಯ ಹೆಂಗಸು ಒಲೆಯ ಮುಂದಿನಿಂದ ಎದ್ದು, ಕಟ್ಟೆಯ ಮೇಲಿನ ಆ ಕಲ್ಲನ್ನೆತ್ತಿಕೊಂಡು ಓಡಿ ಹಿಂದಿನ ಗಾಲಿಯ ಬುಡಕ್ಕೆ ಕೊಡಬೇಕು. ಅಲ್ಲಿಯವರೆಗೆ ಮೈಲಾರಪ್ಪ ಮೇಲೆ ಬ್ರೇಕಿನ ಮೇಲೆ ಕಾಲಿಟ್ಟು ಕೂತಿರುತ್ತಿದ್ದ. ಮೊದಲು ಈ ಕೆಲಸ ಅವನ ಹೆಂಡತಿ ಕೆಂಚವ್ವನದಾಗಿತ್ತು.

ಒಂದು ಮೆಣಸಿನಕಾಯಿ ಸುಗ್ಗಿಯಲ್ಲಿ, ತುಂಬಿದ ಲಾರಿ ನಿಲ್ಲುತ್ತ ನಿಲ್ಲುತ್ತ ಹಿಂದೆ ಸರಿಯಿತು. ಕೆಂಚವ್ವ ಇನ್ನೂ ಕಲ್ಲಿಡುತ್ತಿದ್ದಳು. ಕಲ್ಲು ಕಚ್ಚಿ ಹಿಡಿಯಿತು, ಲಾರಿ ನಿಂತಿತು, ಕೆಳಗೆ ಪಾವಟಿಗೆಯ ಮೇಲಿದ್ದ ಹೆಂಗಸರು ಉಳಿದರು. ಕೆಂಚವ್ವನ ಬಲಗೈಯ ಎರಡು ಬೆರಳು ಮಾತ್ರ ಕಲ್ಲಿನ ಕೆಳಗಿದ್ದವು. ಮರುದಿನ ಮೈಲಾರಪ್ಪ ಸ್ನಾನ ಮಾಡಿ, ಆ ಕಲ್ಲಿಗೆ ಮನೆದೇವರು ಮೈಲಾರಲಿಂಗನ ಭಂಡಾರ ಬಳಿದು, ಏಳಕೋಟಿ ಎಂದು ಕೂಗಿ ಕಾಯಿ ಒಡೆದ. ಊರು ಉಳಿಸಿದ ಕಲ್ಲು ಎಂದು ಓಣಿಯವರೂ ಕಾಯಿ ತಂದರು. ಅಂದಿನಿಂದ ಅದು ದೇವರಾಯಿತು. ಮನೆಯ ಮುತ್ತೈದೆಯ ಕೈಯನ್ನಲ್ಲದೆ ಬೇರೆ ಕೈ ಒಪ್ಪುವುದಿಲ್ಲ ಎಂಬ ಕಟ್ಟಳೆಯೂ ಹುಟ್ಟಿತು. ಕಲ್ಲಿಗೆ ಕಾಯಿ, ಕೈಗೆ ಸುಣ್ಣ ಮತ್ತು ಅರಿಸಿಣ. ಬೆರಳು ಸೊಟ್ಟಗೆ ಕೂಡಿಕೊಂಡವು, ಮುಂದೆ ರೊಟ್ಟಿ ಬಡಿಯಲು ಬರಲಿಲ್ಲ. ಹಾಗಾಗಿ ಸಾವಂತ್ರೆವ್ವ ಮದುವೆಯಾಗಿ ಬಂದಾಗ ಒಲೆಯ ಜೊತೆಗೆ ಕಲ್ಲೂ ಅವಳ ಪಾಲಿಗೆ ಬಂತು.

ಆಮೇಲೆ ಲಾರಿಯ ಎಂಜಿನ್ನು ಕೆಟ್ಟು ಕೂತದ್ದು ಅವಳ ಪುಣ್ಯ. ಐದು ವರ್ಷ ಯಾರ ಹಾರ್ನಿಗೂ ಓಡದೆ ಅವಳು ರೊಟ್ಟಿ ಬಡಿದಳು.

ಎಂಬತ್ನಾಲ್ಕನೇ ಇಸವಿಯ ದೀಪಾವಳಿ ಮುಗಿದ ಮೇಲೆ ಮಲಕಪ್ಪನಿಗೆ ಲಾರಿಯ ಹುಚ್ಚು ತಿರುಗಿ ಹತ್ತಿತು. ಮೆಣಸಿನಕಾಯಿ ಈ ವರ್ಷ ಭರ್ಜರಿ ಬರುತ್ತದೆ, ಹುಬ್ಬಳ್ಳಿಗೆ ಹೇರಲು ಲಾರಿ ಸಿಗದೆ ಜನ ಒದ್ದಾಡುತ್ತಾರೆ, ಮನೆಯಲ್ಲೇ ಲಾರಿ ಇಟ್ಟುಕೊಂಡು ಕೂಲಿಗೆ ಯಾಕೆ ಹೋಗಬೇಕು ಎಂದ. ಎಂಜಿನ್ನಿಗೆ ಬೇಕಾದ ರೊಕ್ಕ ಎಲ್ಲಿಂದ ತರುವುದು ಎಂಬ ಮಾತು ಬಂದಾಗ ಅಪ್ಪ ಮಗ ಇಬ್ಬರೂ ಕೂಡಿಯೇ ಹಿತ್ತಲ ಕಡೆ ನೋಡಿದರು. ಹಿತ್ತಲಲ್ಲಿ ಸಾವಂತ್ರೆವ್ವ ತವರಿನಿಂದ ಕರು ತಂದು ಸಾಕಿದ ಎಮ್ಮೆ ಇತ್ತು. ಅವಳು ಒಂದು ದಿನ ಊಟ ಬಿಟ್ಟಳು, ಎರಡನೇ ದಿನ ತಾನೇ ಕಣ್ಣಿ ಬಿಚ್ಚಿ ಮಾರಲು ಕೊಟ್ಟಳು. ಅಂದಿನಿಂದ ತಾಟಿನಲ್ಲಿ ಮೊಸರು ಕಾಣಲಿಲ್ಲ. ನುಚ್ಚಿಗೆ ಬೇಳೆಯ ಕಟ್ಟು, ರೊಟ್ಟಿಗೆ ಪುಂಡಿಪಲ್ಯ, ಅದೂ ಇಲ್ಲದ ದಿನ ಖಾರ ಮತ್ತು ಎಣ್ಣೆ.

ಲಾರಿಯನ್ನು ಕುಂದಗೋಳಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಹಸನಸಾಬ ಎಂಬ ಮಿಸ್ತ್ರಿ ಅದನ್ನು ಪೂರಾ ಬಿಚ್ಚಿ ಹರವಿದ. ಎಂಜಿನ್ನು ಕೂಡಿಸಿದ, ಬ್ರೇಕು ಹೊಸದು ಮಾಡಿದ, ಹಿಂದಿನ ಬಾಡಿಯಲ್ಲಿ ತೇಗದ ಹಲಗೆ ಹಾಕಿಸಿದ. ಗೇರು ಮಾತ್ರ ಹಳೆಯದೇ ಇರಲಿ, ಅದಕ್ಕೆ ಕೈ ಹಾಕಿದರೆ ಇನ್ನೊಂದು ಎಮ್ಮೆ ಬೇಕು ಎಂದು ಮಲಕಪ್ಪನೇ ಹೇಳಿದ್ದ.

ಒಂದು ಸಂಜೆ ಮಲಕಪ್ಪ ಊಟಕ್ಕೆ ಕೂತಾಗ ಪಾಸಿಂಗ್ ಮಾತು ತೆಗೆದ. ಐದು ವರ್ಷ ನಿಂತ ಗಾಡಿ, ಹುಬ್ಬಳ್ಳಿಗೆ ಒಯ್ದು ಆರ್‌ಟಿಓ ಸಾಹೇಬರಿಗೆ ತೋರಿಸಬೇಕು, ಅವರು ಮೊದಲು ಕೇಳುವುದೇ ಹ್ಯಾಂಡಬ್ರೇಕು. ಮೈಲಾರಪ್ಪ ತುತ್ತು ನುಂಗುವುದನ್ನೂ ಬಿಟ್ಟು ಮುಖ ಸಿಂಡರಿಸಿದ. ಚಿಂತೆಯಿಲ್ಲ ಎಂದ ಮಗ. ಹಸನಸಾಬನ ಹತ್ತಿರ ಗುಜರಿ ಲಾರಿಯಿಂದ ಬಿಚ್ಚಿದ ಒಂದು ಹ್ಯಾಂಡಬ್ರೇಕು ಇತ್ತು. ಸುತ್ತಲಿನ ಹಳೆ ಫಾರ್ಗೋಗಳೆಲ್ಲ ಅದನ್ನೇ ಹಾಕಿಸಿಕೊಂಡು ಪಾಸಿಂಗ್ ಮುಗಿಸಿ, ಬಿಚ್ಚಿ ತಿರುಗಿ ಕೊಡುತ್ತಿದ್ದವು. ಕನ್ಯೆ ನೋಡಲು ಹೋಗುವ ಹುಡುಗರೆಲ್ಲ ಊರಿನ ಒಂದೇ ಕೋಟು ತೊಟ್ಟು ಹೋಗುತ್ತಾರಲ್ಲ, ಹಾಗೆ ಎಂದು ಮಲಕಪ್ಪ ನಕ್ಕ.

"ಪಾಸಿಂಗ್ ಆದ ಮ್ಯಾಲೆ ಬಿಚ್ಚಿಸಿಬಿಡು," ಎಂದ ಮೈಲಾರಪ್ಪ. "ನನ್ನ ಲಾರ್‍ಯಾಗ ಆ ಕೋಲು ಬ್ಯಾಡ."

ಸಾವಂತ್ರೆವ್ವ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು.

ಲಾರಿ ಪಾಸಾಗಿ, ಹಸಿರು ಬಣ್ಣ ಬಳಿಸಿಕೊಂಡು, ಹಣೆಯ ಮೇಲೆ ಮೈಲಾರಲಿಂಗ ಪ್ರಸನ್ನ ಎಂದು ಬರೆಸಿಕೊಂಡು ಸಂಶಿಗೆ ಬಂತು. ಓಣಿ ಏರುವಾಗ ಹಾರ್ನ್ ಬಾರಿಸಿತು. ಸಾವಂತ್ರೆವ್ವನ ಕೈ ಹಿಟ್ಟಿನಿಂದ ಎದ್ದಿತು. ಈ ಸಲ ಅದು ಸುಳ್ಳಾಗಿರಲಿಲ್ಲ. ಹೊರಗೆ ಓಡಿ ಕಟ್ಟೆಯ ಮೇಲಿನ ಕಲ್ಲು ತಬ್ಬಿ ಎತ್ತಿದಳು. ಅಷ್ಟರಲ್ಲಿ ಕ್ಯಾಬಿನ್ನಿನೊಳಗೆ ಹ್ಯಾಂಡಬ್ರೇಕು ಎಳೆದ ಕರ್ ಕರ್ ಸದ್ದಾಯಿತು, ಮಲಕಪ್ಪ ಎಂಜಿನ್ನು ಬಂದ್ ಮಾಡಿ ಕೆಳಗೆ ಜಿಗಿದ. ಲಾರಿ ನಿಂತಲ್ಲೇ ನಿಂತಿತ್ತು. ಹೆಂಡತಿ ಕಲ್ಲು ಹೊತ್ತು ನಿಂತದ್ದನ್ನು ನೋಡಿ ಅವನಿಗೆ ನಗು ಬಂತು. ಹಿಡ್ಕೊಂಡೈತಿ, ನೀ ಹೋಗು ಎಂದ. ಅವಳು ಗಾಲಿ ನೋಡಿದಳು, ಕಲ್ಲು ನೋಡಿದಳು, ಕಲ್ಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಇನ್ನೂ ಹೊತ್ತಿರಲಿಲ್ಲ. ಅವಳಿಗೆ ಅಗದಿ ಹಗುರಾಯಿತು.

ಹಸನಸಾಬನಿಗೆ ಸುಗ್ಗಿಯ ಕೆಲಸ. ಬಿಚ್ಚಲು ಬರುವುದು ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಆ ವಾರಗಳಲ್ಲಿ ಸಾವಂತ್ರೆವ್ವ ಹಾರ್ನ್ ಕೇಳಿದರೂ ಕೂತಲ್ಲೇ ಕೂತು ರೊಟ್ಟಿ ಬಡಿಯುವುದನ್ನು ಕಲಿತಳು. ಮೊದಲು ಕೈ ಏಳುತ್ತಿತ್ತು, ಅವಳು ಅದಕ್ಕೆ ಕುಂಡ್ರು ಅನ್ನುತ್ತಿದ್ದಳು, ಅದು ಕೂಡುತ್ತಿತ್ತು. ಮೈಲಾರಪ್ಪ ಲಾರಿ ನಡೆಸಿದ ದಿನ ಹಿಡಿಕೆಯನ್ನು ತಾನು ಮುಟ್ಟುತ್ತಿರಲಿಲ್ಲ. ಕಾಲು ಬ್ರೇಕಿನ ಮೇಲಿಟ್ಟುಕೊಂಡು, ಮುಖ ಆ ಕಡೆ ತಿರುಗಿಸಿ, ಎಳಿಯಲೇ ಎಂದು ಮಗನಿಗೆ ಹೇಳುತ್ತಿದ್ದ. ಎಂಜಲು ಎತ್ತಲು ಹೇಳಿದ ಹಾಗೆ.

ಕಡೆಗೆ ಹಸನಸಾಬ ಹೇಳಿ ಕಳಿಸಿದ. ಕಲಘಟಗಿಯ ಕಡೆಯ ಒಂದು ಲಾರಿಯ ಪಾಸಿಂಗ್ ಬಂದಿದೆ, ಬರುವ ಬೇಸ್ತವಾರ ಮುಂಜಾನೆ ಬಂದು ಹ್ಯಾಂಡಬ್ರೇಕು ಬಿಚ್ಚಿಕೊಂಡು ಹೋಗುತ್ತೇನೆ ಎಂದು. ಮಲಕಪ್ಪ ಅದನ್ನು ಊಟದ ಹೊತ್ತಿಗೆ ಹೇಳಿದ. ಮೈಲಾರಪ್ಪ, ಪೀಡೆ ಹೋತು ಎಂದು ಇನ್ನೊಂದು ರೊಟ್ಟಿ ಕೇಳಿದ.

ಸಾವಂತ್ರೆವ್ವ ರೊಟ್ಟಿ ಹಾಕಿದಳು. ಹಾಕಿ ಅಲ್ಲೇ ನಿಂತಳು.

"ಅದು ಇರಲಿ ಬಿಡ್ರಿ ಮಾವಾರ."

"ಯಾವುದು?"

"ಹ್ಯಾಂಡಬ್ರೇಕು."

ಮೈಲಾರಪ್ಪ ಅವಳ ಮುಖ ನೋಡಲಿಲ್ಲ. "ಲಾರಿ ಮಾತು ಒಲಿ ಮುಂದ ಬ್ಯಾಡ."

"ಒಲಿ ಮುಂದಿಂದ ಎದ್ದು ಓಡಾಕಿ ನಾನ ಅಲ್ರಿ? ಅದಕ್ಕ ಇಲ್ಲೇ ಮಾತಾಡಾಕತ್ತೇನಿ."

ಮನೆಯಲ್ಲಿ ಹೀಗೆ ಯಾರೂ ಮಾತಾಡಿರಲಿಲ್ಲ. ಕೆಂಚವ್ವನೇ ಮೊದಲು ಎದ್ದು ಬಂದಳು. ಗಂಡನ ಮಾತಿಗೆ ಎದುರಾಡಿದರೆ ಅವಳಿಗೆ ತನಗೇ ಬೈದ ಹಾಗೆ ಆಗುತ್ತಿತ್ತು. "ನಾ ಇಟ್ಟಿಲ್ಲೇನ ಕಲ್ಲು? ತಲಿ ಹಣ್ಣಾಗೂ ಮಟಾ ಇಟ್ಟೇನಿ. ನೀ ಏನು ಮ್ಯಾಲಿಂದ ಇಳದು ಬಂದಿ?"

"ಇಟ್ಟೀರಿ ಅತ್ತಿ. ನಿಮ್ಮ ಕೈ ನೋಡೇ ಬ್ಯಾಡ ಅನ್ನಾಕತ್ತೇನಿ."

ಕೆಂಚವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಲಕಪ್ಪ ನಡುವೆ ಬಾಯಿ ಹಾಕಿ, ಸೀಟಿನ ಲೆಕ್ಕ ಹೇಳತೊಡಗಿದ. ಸಂತೆ ದಿನ ಒಂದು ಸೀಟು ಹೋದರೆ ತಿಂಗಳಿಗೆ ಎಷ್ಟಾಯಿತು, ಲಾರಿ ಈಗಷ್ಟೇ ಎದ್ದು ನಿಂತಿದೆ, ಜಾಗ ಸಾಲುವುದಿಲ್ಲ ಎಂದ. ಅವನು ಕೆಟ್ಟವನಲ್ಲ. ಅಪ್ಪನಿಗೂ ಹೆಂಡತಿಗೂ ನಡುವೆ ನಿಂತಾಗ ಅವನಿಗೆ ಲೆಕ್ಕ ಬಿಟ್ಟು ಬೇರೆ ಏನೂ ಹೊಳೆಯುತ್ತಿರಲಿಲ್ಲ, ಅಷ್ಟೆ.

"ಆ ಲಾರಿಯೊಳಗ ನನ್ನ ಎಮ್ಮಿ ಐತಿ," ಎಂದಳು ಸಾವಂತ್ರೆವ್ವ. "ನನ್ನ ಎಮ್ಮಿಗೆ ಎಷ್ಟು ಜಾಗ ಬರತೈತಿ ಅಳೀರಿ. ಅಷ್ಟರಾಗ ಆ ಕೋಲು ಕುಂಡ್ರತೈತಿ."

ಮಲಕಪ್ಪ ತಾಟಿನ ಕಡೆ ನೋಡಿದ. ಮೈಲಾರಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಹ್ಯಾಂಡಬ್ರೇಕು ಬೇಸ್ತವಾರ ಹೋಗುತ್ತದೆ, ದೇವರ ಕಲ್ಲಿದ್ದ ಮನೆಗೆ ಗುಜರಿಯ ಕಬ್ಬಿಣ ಬೇಡ, ಇದಕ್ಕಿಂತ ಹೆಚ್ಚಿನ ಮಾತು ಬೇಡ ಎಂದ. ಸಾವಂತ್ರೆವ್ವನೂ ಹೇಳಿಯೇಬಿಟ್ಟಳು: ಅದನ್ನು ಬಿಚ್ಚಿದ ದಿನದಿಂದ ತಾನು ಕಲ್ಲು ಮುಟ್ಟುವುದಿಲ್ಲ, ತವರಿಗೂ ಹೋಗುವುದಿಲ್ಲ, ಇದೇ ಮನೆಯಲ್ಲಿ ರೊಟ್ಟಿ ಬಡಿದುಕೊಂಡು ಇರುತ್ತೇನೆ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದು.

ಮುಂದಿನ ದಿನಗಳಲ್ಲಿ ಮನೆ ವಿಚಿತ್ರವಾಯಿತು. ಮೈಲಾರಪ್ಪ ಸೊಸೆಯೊಂದಿಗೆ ಮಾತು ಬಿಟ್ಟ. ಅವಳು ಎದುರಿಗೇ ಬಡಿಸುತ್ತ ನಿಂತಿದ್ದರೂ, ಕೆಂಚೀ, ಆಕಿಗೆ ಹೇಳು ಪಲ್ಯಕ್ಕ ಉಪ್ಪು ಇಲ್ಲ ಎನ್ನುತ್ತಿದ್ದ. ಸಾವಂತ್ರೆವ್ವ, ಅತ್ತಿ, ಉಪ್ಪು ಅವರ ಬಾಜೂಕ ಐತಿ ಅಂತ ಹೇಳ್ರಿ ಎನ್ನುತ್ತಿದ್ದಳು. ಕೆಂಚವ್ವ ಇಬ್ಬರ ನಡುವೆ ತಲೆ ಆ ಕಡೆ ಈ ಕಡೆ ತಿರುಗಿಸಿ ಸುಸ್ತಾಗಿ, ಉಪ್ಪಿನ ಗಡಿಗೆಯನ್ನೇ ತಂದು ಗಂಡನ ಮುಂದೆ ಕುಕ್ಕಿದಳು. ಹಾಗಂತ ಸೊಸೆ ಕೆಲಸ ಬಿಡಲಿಲ್ಲ. ನೀರು ತಂದಳು, ಮೆಣಸಿನಕಾಯಿ ಬಿಡಿಸಲು ಹೋದಳು, ಮೂರೂ ಹೊತ್ತು ರೊಟ್ಟಿ ಹಾಕಿದಳು. ಬಯ್ಯಲು ಜಾಗ ಕೊಡಬಾರದು ಎಂಬ ಹಟ ಅದು.

ಮಂಗಳವಾರ ಮಧ್ಯಾಹ್ನ ಅತ್ತೆ ಸೊಸೆ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಕೆಂಚವ್ವ ಎಡಗೈಯಿಂದಲೇ ಮುರಿಯುತ್ತಿದ್ದಳು. ಒಂದು ಬುಟ್ಟಿ ಮುಗಿಯಿತು. ಆಮೇಲೆ ಕೆಂಚವ್ವ ತಲೆ ಎತ್ತದೆ ಒಂದು ಮಾತು ಹೇಳಿದಳು.

"ನನ್ನ ಬೆರಳು ಹೋದಂದು ಲಾರಿ ತಾನ ಸರಿಯಲಿಲ್ಲ. ಅವರು ತಂಬಾಕು ತಿಕ್ಕಾಕತ್ತಿದ್ರು. ಸುಣ್ಣದ ಡಬ್ಬಿ ಕೆಳಗ ಬಿತ್ತು. ಎತ್ತಾಕ ಅಂತ ಬ್ರೇಕಿನ ಮ್ಯಾಲಿನ ಕಾಲು ತಗದ್ರು."

ಸಾವಂತ್ರೆವ್ವನ ಕೈ ನಿಂತಿತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲವೇ ಎಂದು ಕೇಳಿದಳು. ಯಾರಿಗೆ ಹೇಳುವುದು, ಅವರಿಗೂ ಗೊತ್ತು, ನನಗೂ ಗೊತ್ತು ಎಂದಳು ಕೆಂಚವ್ವ. ಇನ್ನೊಂದು ತೊಟ್ಟು ಮುರಿದು ಮತ್ತೆ ಹೇಳಿದಳು:

"ಕಲ್ಲಿಗೆ ಕಾಯಿ ಒಡದ್ರು. ನೋವಾತೇನು ಅಂತ ನನ್ನ ಒಂದು ಮಾತು ಕೇಳಲಿಲ್ಲ."

ಹೇಳುತ್ತ ಅವಳ ಕಣ್ಣು ತುಂಬಿದವು, ಮೆಣಸಿನಕಾಯಿಯ ಘಾಟು ಎಂದು ಒರೆಸಿಕೊಂಡಳು. ಸಾವಂತ್ರೆವ್ವನಿಗೆ ಮಾವನ ಮೇಲೆ ಎಂಥ ಸಿಟ್ಟು ಬಂತೆಂದರೆ ಮುಂದಿನ ಹತ್ತು ಕಾಯಿಗಳನ್ನು ತೊಟ್ಟಿನ ಬದಲು ನಡುವಿಗೇ ಮುರಿದಳು. ಆದರೆ ಕೆಂಚವ್ವ ಅಷ್ಟಕ್ಕೇ ತಿರುಗಿ ಅತ್ತೆಯಾದಳು. ಆದದ್ದು ಆಗಿ ಹೋಯಿತು, ಗಂಡಸರ ಕೂಡ ಹಟ ಹಿಡಿದು ಯಾವ ಹೆಂಗಸು ಗೆದ್ದಿದ್ದಾಳೆ, ನೀನು ಸುಮ್ಮನೆ ಕಲ್ಲಿಡು, ಬೆರಳು ಮಾತ್ರ ಮೇಲೆ ಇಟ್ಟುಕೋ ಎಂದಳು. ಸಾವಂತ್ರೆವ್ವ, ಇಲ್ಲ ಎಂದಳು.

ಬುಧವಾರ ಸಂಜೆ ಲಾರಿ ಕುಂದಗೋಳದಿಂದ ತಿರುಗಿ ಬಂತು. ನಡೆಸುತ್ತಿದ್ದವ ಮೈಲಾರಪ್ಪ, ಬಾಜುವಿಗೆ ಮಗ. ಮರುದಿನ ಮುಂಜಾನೆ ಹೋಗುವ ಹ್ಯಾಂಡಬ್ರೇಕನ್ನು ಮುದುಕ ಇವತ್ತೇ ಬಿಟ್ಟಿದ್ದ. ಅದನ್ನು ಮುಟ್ಟಬೇಡ ಎಂದು ಮಗನಿಗೆ ದಾರಿಯಲ್ಲೇ ತಾಕೀತು ಮಾಡಿದ್ದ. ಸೊಸೆಯ ಹಟ ಒಂದೇ ದಿನದಲ್ಲಿ ಮುರಿಯಬೇಕು, ಓಣಿಯವರೆಲ್ಲ ನೋಡಬೇಕು ಎಂಬುದು ಅವನ ಲೆಕ್ಕ. ಓಣಿ ಏರಿ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ.

ಸಾವಂತ್ರೆವ್ವ ರೊಟ್ಟಿ ತಿರುವಿ ಹಾಕಿದಳು.

ಮತ್ತೆ ಹಾರ್ನ್. ಬಾಜೂ ಮನೆಯವರು ಹೊಸ್ತಿಲಿಗೆ ಬಂದರು, ಹೊಂಡದಿಂದ ಬರುತ್ತಿದ್ದ ಹೆಂಗಸರು ಕೊಡ ಹೊತ್ತುಕೊಂಡೇ ನಿಂತರು. ಕೆಂಚವ್ವ ಅಡಿಗೆಮನೆಯ ಬಾಗಿಲಿಗೆ ಬಂದು ಸೊಸೆಯನ್ನು ನೋಡಿದಳು. ಮೂರನೇ ಹಾರ್ನ್ ಆದಮೇಲೆ ಮೈಲಾರಪ್ಪನ ದನಿ ಕೇಳಿತು. ಅವನು ಕರೆದದ್ದು ಸೊಸೆಯನ್ನಲ್ಲ. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳು ಲಕ್ಷ್ಮವ್ವನನ್ನು.

"ಲಕ್ಷ್ಮೀ, ನಮ್ಮವ್ವ, ನೀ ತಾರವಾ ಕಲ್ಲು. ನೀ ಕೊಟ್ಟರೂ ನಡೀತೈತಿ."

ಎಂಟು ವರ್ಷದ ಹುಡುಗಿಗೆ ಅಜ್ಜ ಕರೆದದ್ದೇ ದೊಡ್ಡದು. ಕಲ್ಲನ್ನು ಹೊಟ್ಟೆಗೆ ಅವಚಿಕೊಂಡು, ಬೆನ್ನು ಹಿಂದೆ ಬಗ್ಗಿಸಿ, ವಾಲಾಡುತ್ತ ಗಾಲಿಯ ಹಿಂದೆ ಹೋದಳು.

ಸಾವಂತ್ರೆವ್ವ ಆ ಓಣಿಯಲ್ಲಿ ಎಷ್ಟೋ ಸಲ ಓಡಿದ್ದಳು, ಅವತ್ತು ಓಡಿದ ಹಾಗೆ ಎಂದೂ ಓಡಿರಲಿಲ್ಲ. ಮಗಳು ಗಾಲಿಯ ಬುಡಕ್ಕೆ ಬಗ್ಗುವ ಮೊದಲೇ ರಟ್ಟೆ ಹಿಡಿದು ಎಳೆದು, ಕಲ್ಲು ಕಸಿದುಕೊಂಡಳು. ಹುಡುಗಿ ಅಳತೊಡಗಿತು. ಸಾವಂತ್ರೆವ್ವ ಕಲ್ಲು ಹೊತ್ತುಕೊಂಡೇ ಡ್ರೈವರನ ಬಾಗಿಲ ಕೆಳಗೆ ಬಂದು ನಿಂತಳು. ಸೆರಗು ತಲೆಯಿಂದ ಜಾರಿತ್ತು, ಅದನ್ನು ಸರಿಮಾಡಲು ಕೈ ಬಿಡುವಿರಲಿಲ್ಲ.

"ಮುತ್ತೈದಿ ಕೈನ ಬೇಕಂತಿದ್ರಿ. ಇವತ್ತು ಕೂಸಿನ ಕೈನೂ ನಡೀತೈತೇನ್ರಿ? ಅತ್ತೀದು ತಗೊಂಡ್ರಿ, ನಂದು ಕೇಳಿದ್ರಿ, ಈಗ ನನ್ನ ಮಗಳದು?"

"ದೇವರ ಕಲ್ಲಿಗೆ ಹಂಗೆಲ್ಲ ಅನಬ್ಯಾಡ," ಎಂದ ಮೈಲಾರಪ್ಪ. ದಿನಗಳ ಮೇಲೆ ಅವನು ಸೊಸೆಗೆ ನೇರ ಆಡಿದ ಮೊದಲ ಮಾತು ಅದು.

"ಇದು ದೇವರು ಹೌದಲ್ರಿ?"

"ಹೌದು."

"ಎಲ್ಲಾರೂ ಕೇಳ್ರಿ, ಮಾವಾರು ದೇವರು ಅಂದಾರ. ದೇವರನ್ನ ಯಾರು ಗಾಲಿ ಬುಡಕ ಇಡತಾರ್ರಿ? ಇಷ್ಟು ದಿನ ತಪ್ಪು ಮಾಡಿದ್ವಿ. ಇನ್ನ ಜಗಲಿ ಮ್ಯಾಲೆ ಕುಂಡ್ರಲಿ."

ಹೇಳಿದವಳೇ ಒಳಗೆ ನಡೆದಳು. ಹಂಡೆಯ ನೀರಿನಿಂದ ಕಲ್ಲು ತೊಳೆದಳು. ಟಾಯರಿನ ಕರಿ, ಮಣ್ಣು, ಹಳೆಯ ಭಂಡಾರ ಎಲ್ಲ ಹೋಗುವಂತೆ ತಿಕ್ಕಿದಳು. ದೇವರ ಜಗಲಿಯ ಮೇಲೆ ಮೈಲಾರಲಿಂಗನ ಹಿತ್ತಾಳೆ ಮೂರ್ತಿಯ ಬಾಜು ಅದನ್ನಿಟ್ಟು, ಭಂಡಾರ ಹಚ್ಚಿ, ದೀಪದ ಬತ್ತಿ ಏರಿಸಿ, ಅಡ್ಡಬಿದ್ದಳು. ಎದ್ದು ಹೋಗಿ ಮತ್ತೆ ಒಲೆಯ ಮುಂದೆ ಕೂತಳು.

ಹೊರಗೆ ಕೊಡ ಹೊತ್ತು ನಿಂತಿದ್ದ ಮುದುಕಿಯೊಬ್ಬಳು, ಖರೇನ ಅಂತಾಳ, ದೇವರನ್ನ ತುಳಸ್ಯಾಡೋದು ಪಾಪನ ಎಂದಳು. ಉಳಿದವರೂ ತಲೆಯಾಡಿಸಿದರು. ಜಗಲಿಯ ಮೇಲಿನ ದೇವರನ್ನು ಇಳಿಸಿಕೊಂಡು ಬಾ ಎಂದು ಮೈಲಾರಪ್ಪ ಯಾವ ಬಾಯಿಂದ ಹೇಳಬೇಕು? ಓಣಿಯಲ್ಲಿ ಬೇರೆ ಕಲ್ಲುಗಳಿಗೇನು ಬರವಿರಲಿಲ್ಲ. ಆದರೆ ಬೇರೆ ಕಲ್ಲು ನಮ್ಮ ಗಾಲಿಗೆ ನಡೆಯುವುದಿಲ್ಲ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ. ತಾನು ನೆಟ್ಟ ಮುಳ್ಳು ತನಗೇ ಚುಚ್ಚಿತ್ತು. ಬಾಜುವಿಗೆ ಹಿಡಿಕೆ ನಿಂತಿತ್ತು, ಅದನ್ನು ಮುಟ್ಟುವುದಿಲ್ಲ ಎಂಬ ಹಟ ಬೇರೆ. ಕಾಲು ಬ್ರೇಕಿನ ಮೇಲೆ ಒತ್ತಿಟ್ಟುಕೊಂಡು, ಸ್ಟೇರಿಂಗ್ ಹಿಡಿದು ಅವನು ನೆಟ್ಟಗೆ ಕೂತ.

ಮಲಕಪ್ಪ ಹಿಡಿಕೆಗೆ ಕೈ ಚಾಚಿದ. ಮುಟ್ಟಬ್ಯಾಡ ಅಂದೀನಲ್ಲ ಎಂದು ಅಪ್ಪ ಗದರಿದ. ಮಗ ಅಪ್ಪನ ಮುಖ ನೋಡಿದ. ಆಮೇಲೆ ಬಾಗಿಲು ತೆಗೆದು ಕೆಳಗಿಳಿದು, ಅಳುತ್ತಿದ್ದ ಮಗಳನ್ನು ಎತ್ತಿಕೊಂಡು ಒಳಗೆ ಹೋದ. ಕಾಲು ತೊಳೆದುಕೊಂಡು ಮಣೆ ಹಾಕಿಕೊಂಡು ಕೂತು, ಹೆಂಡತಿಗೆ, ಬಡಸು ಎಂದ. ಮದುವೆಯಾದಂದಿನಿಂದ ಅವನು ಅಪ್ಪನಿಗಿಂತ ಮೊದಲು ಊಟಕ್ಕೆ ಕೂತದ್ದು ಅದೇ ಮೊದಲು. ಸಾವಂತ್ರೆವ್ವ ಬಿಸಿ ರೊಟ್ಟಿ ಹಾಕಿದಳು, ಝುಣಕ ಹಾಕಿದಳು, ಉಳ್ಳಾಗಡ್ಡಿ ಗುದ್ದಿ ಕೊಟ್ಟಳು.

ಹೊರಗೆ ಹೊತ್ತು ಇಳಿಯುತ್ತಿತ್ತು. ಮುದುಕನ ಕಾಲು ನಡುಗತೊಡಗಿತ್ತು; ಅದು ನಡುಗಿದಂತೆ ಲಾರಿ ತುಸು ತುಸು ಹಿಂದೆ ಮುಂದೆ ಅಲ್ಲಾಡುತ್ತಿತ್ತು. ಹಿಂದೆ ನಿಂತಿದ್ದ ಹೆಂಗಸರು ಅದನ್ನು ಕಂಡು ಗೋಡೆಯ ಮಗ್ಗಲಿಗೆ ಸರಿದರು.

ಕೆಂಚವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಒಳಗೆ ಬಂದು ಜಗಲಿಯ ಮೇಲಿನ ಕಲ್ಲನ್ನೂ ನೋಡಿದಳು. ಈಕೆ ಕಲ್ಲು ಇಳಿಸುತ್ತಾಳೆ ಎಂದುಕೊಂಡಳು ಸಾವಂತ್ರೆವ್ವ. ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲೇ ಹೊರಗೆ ಹೋದಳು. ಸಾವಂತ್ರೆವ್ವ ಎದ್ದು ಬಾಗಿಲಿಗೆ ಬಂದು ನೋಡಿದಳು. ಮುದುಕಿ ಲಾರಿಯ ಆ ಮಗ್ಗಲಿನ ಬಾಗಿಲು ತೆಗೆದು, ಕಂಬಿ ಹಿಡಿದು, ಏದುಸಿರು ಬಿಡುತ್ತ ಮೇಲೆ ಏರಿದಳು. ಲಾರಿ ಬಂದ ದಿನದಿಂದ ಕೆಂಚವ್ವ ಆ ಕ್ಯಾಬಿನ್ನಿನಲ್ಲಿ ಕೂತವಳಲ್ಲ. ಅಲ್ಲಿನ ಜಾಗ ದುಡ್ಡು ಕೊಟ್ಟವರದಾಗಿತ್ತು.

ಗಂಡನ ಬಾಜು ಕೂತು ಅವಳು ಹಿಡಿಕೆಗೆ ಎರಡೂ ಕೈ ಹಚ್ಚಿದಳು. ಸೊಟ್ಟ ಬೆರಳುಗಳು ಸುತ್ತ ಹಿಡಿಯಲು ಬರಲಿಲ್ಲ. ಎಡಗೈಯಿಂದ ಅವನ್ನು ಒತ್ತಿ ಕೂಡಿಸಿಕೊಂಡು, ಬೆನ್ನು ಹಿಂದೆ ಹಾಕಿ ಎಳೆದಳು. ಕರ್ ಕರ್ ಕರ್ ಎಂದು ಓಣಿಗೆಲ್ಲ ಕೇಳಿತು.

"ಕಾಲು ತಗೀರಿ," ಎಂದಳು.

ಮೈಲಾರಪ್ಪ ತೆಗೆಯಲಿಲ್ಲ.

"ತಗೀರಿ. ಅಂದು ನೀವು ಕಾಲು ತಗದಾಗ ನನ್ನ ಕೈ ಕೆಳಗ ಇತ್ತು. ಇಂದು ಮ್ಯಾಲೆ ಐತಿ."

ಅವನು ಹೆಂಡತಿಯ ಕೈ ನೋಡಿದ. ಅಷ್ಟು ಹತ್ತಿರದಿಂದ ಆ ಬೆರಳುಗಳನ್ನು ಅವನು ಎಂದಾದರೂ ನೋಡಿದ್ದನೋ ಇಲ್ಲವೋ, ಶಿವನೇ ಬಲ್ಲ. ಮುದುಕ ಮೆಲ್ಲಗೆ ಕಾಲೆತ್ತಿದ. ಲಾರಿ ಒಂದಿಷ್ಟು ಕೊಸರಿ, ನಿಂತುಕೊಂಡಿತು.

ನೋವಾತೇನು ಎಂದು ಅವನು ಕೇಳಿದ್ದು ಕ್ಯಾಬಿನ್ನಿನ ಹೊರಗೆ ಯಾರಿಗೂ ಕೇಳಲಿಲ್ಲ. ಕೆಂಚವ್ವ ಆಮೇಲೆ ಸೊಸೆಗೆ ಹೇಳಿದಾಗಲೇ ತಿಳಿದದ್ದು. ಅವಳು ಕೊಟ್ಟ ಉತ್ತರ ಮಾತ್ರ ಓಣಿಗೆಲ್ಲ ಕೇಳಿತು.

"ಈಗ ಕೇಳ್ತೀರಿ? ಇಳೀರಿ, ರೊಟ್ಟಿ ಆರತಾವ."

ಬೇಸ್ತವಾರ ಮುಂಜಾನೆ ಹಸನಸಾಬ ನಟ್ಟು ಬಿಚ್ಚುವ ಪಾನಾಗಳ ಚೀಲ ತೂಗಿಕೊಂಡು ಬಂದ. ಸಾವಂತ್ರೆವ್ವ ಅವನಿಗೆ ಚಹಾ ಕೊಟ್ಟಳು, ಆದರೆ ಲಾರಿಗೆ ಅಡ್ಡವಾಗಿಯೇ ನಿಂತಳು. ಮಾವ ಏನು ಹೇಳುತ್ತಾನೋ ಅವಳಿಗಿನ್ನೂ ಗೊತ್ತಿರಲಿಲ್ಲ. ಬಿಚ್ಚು ಎಂದರೆ ಏನು ಮಾಡಬೇಕೆಂದು ಮಾತ್ರ ಗೊತ್ತಿತ್ತು. ಮೈಲಾರಪ್ಪ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ, ಅದು ಇಲ್ಲೇ ಇರತೈತಿ, ಅದರ ರೊಕ್ಕ ಸುಗ್ಗಿ ಮುಗದ ಮ್ಯಾಲೆ ಒಯ್ಯಿ ಎಂದ. ಹಸನಸಾಬ ಬೆಪ್ಪಾದ. ಕಲಘಟಗಿ ಲಾರಿಯ ಪಾಸಿಂಗ್ ಕತೆ ಏನ್ರಿ ಕಾಕಾ ಎಂದು ಕೇಳಿದ. ಅವರೂ ಒಂದು ಹುಡುಕಿಕೊಳ್ಳಲಿ, ಎಷ್ಟು ದಿನ ಅಂತ ಮಂದಿ ಕೋಟು ಹಾಕತಾರ ಎಂದ ಮೈಲಾರಪ್ಪ, ತಾನು ಹುಟ್ಟಿದಂದಿನಿಂದ ಹ್ಯಾಂಡಬ್ರೇಕಿನ ಪರವಾಗಿಯೇ ಇದ್ದವನಂತೆ.

ಎರಡು ವಾರ ಕಳೆದು ಅಮಾಸಿ ಬಂತು. ಲಾರಿಗೆ ಪೂಜೆ. ಸಾವಂತ್ರೆವ್ವ ಆರತಿಯ ತಾಟು ಹಿಡಿದು ಹೊರಗೆ ಬಂದಾಗ ಮಾವ ಕ್ಯಾಬಿನ್ನಿನೊಳಗೆ ಬಗ್ಗಿ ಏನೋ ಮಾಡುತ್ತಿದ್ದ. ಇಣುಕಿ ನೋಡಿದಳು. ಹ್ಯಾಂಡಬ್ರೇಕಿನ ಹಿಡಿಕೆಗೆ ಮೇಲಿನಿಂದ ಕೆಳಗಿನ ತನಕ ಭಂಡಾರ ಬಳಿದು, ಒಂದು ಹೂವಿನ ಸರ ಸುತ್ತಿ, ಏಳಕೋಟಿ ಎಂದು ಕೂಗಲು ಮುದುಕ ಬಾಯಿ ತೆರೆದಿದ್ದ.

"ಇದನ್ನೂ ದೇವರು ಮಾಡಬ್ಯಾಡ್ರಿ ಮಾವಾರ," ಎಂದಳು ಸಾವಂತ್ರೆವ್ವ. "ನಾಳೆ ಇದನ್ನ ಎಳಿಯಾಕೂ ಮುತ್ತೈದೀನ ಬೇಕು ಅಂತೀರಿ."

ಕಟ್ಟೆಯ ಮೇಲಿನಿಂದ ಕೆಂಚವ್ವ ನಕ್ಕಳು. ಮೈಲಾರಪ್ಪ ತೆರೆದ ಬಾಯಿ ಮುಚ್ಚಿಕೊಂಡು, ಹೆಗಲ ಮೇಲಿನ ವಸ್ತ್ರ ತೆಗೆದು ಹಿಡಿಕೆಯನ್ನು ಒರೆಸಿದ.